ನಮ್ಮ ಮೈಬಣ್ಣದ ಬಾಟ್ಲಿ ಅಂಗಡ್ಯಾಗ ಯಾಕ ಇಲ್ಲ?



ಉದ್ದ ಪೋಸ್ಟು, ಆದ್ರೂ ಪೂರ್ತಿ ಓದ್ರಿ. ವಿಷಯ ಫೌಂಡೇಶನ್. ಮನಿ ಕಟ್ಟೋದಲ್ಲ, ಮುಖಕ್ಕ ಹಚ್ಚೋದು. "ಸಂವಿಧಾನ ಅಪಾಯದಾಗ ಐತಿ, ನೀವು ಮೇಕಪ್ ಬಗ್ಗೆ ಬರೀತೀರೇನ್ರಿ ಅಕ್ಕಾ" ಅಂತ ಕೆಲವು ಅಣ್ಣಂದಿರು ಕೇಳೇ ಕೇಳ್ತಾರೆ. ಅವರಿಗೂ ಉತ್ತರ ಇದರಾಗ ಐತಿ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಯಾವ ಕಡೆ ಮದುವಿಗೆ ಹೋದ್ರೂ ನೋಡ್ರಿ. ಮದುಮಗಳ ಮುಖ ಸುಣ್ಣ ಬಳದ ಗ್ವಾಡಿ, ಕುತ್ತಿಗಿ ಒಂದು ಬಣ್ಣ, ಕೈ ಇನ್ನೊಂದು ಬಣ್ಣ. ಬಾಬಾಸಾಹೇಬರ ಫೋಟೋ ಮುಂದ ಬುದ್ಧವಂದನೆ ಹೇಳಿ ಮದುವಿ ಮಾಡೋ ನಮ್ಮ ಮನೆಗಳಲ್ಲೂ ಇದೇ ಕಥೆ.

ನನ್ನ ಅಕ್ಕನ ಮಗಳ ಮದುವಿಗೆ ಫೌಂಡೇಶನ್ ತರಾಕ ಒಂದು ಅಂಗಡಿಗೆ ಹೋಗಿದ್ವಿ. ಹುಡುಗಿ ಎಣ್ಣೆಗಪ್ಪು. ಅಂಗಡಿಯವ ಹೇಳಿದ್ದು: "ಈ ಬಣ್ಣದ್ದು ಯಾರೂ ಒಯ್ಯಂಗಿಲ್ರಿ ಅಕ್ಕಾರ, ಅದಕ್ಕ ತರಸಂಗಿಲ್ಲ. ಇದನ್ನ ಹಚ್ರಿ, ಎರಡು ಶೇಡ್ ಕೆಂಪ ಕಾಣ್ತಾಳ." ಇಡೋದೇ ಇಲ್ಲ ಅಂದ್ರ ಒಯ್ಯೋದು ಹೆಂಗ? ಅವನು ಕೊಟ್ಟ ಬಾಟ್ಲಿ ಮ್ಯಾಲ 'ನ್ಯಾಚುರಲ್' ಅಂತ ಬರೆದಿತ್ತು. ಬಿಳುಪು ನ್ಯಾಚುರಲ್ ಅಂದ್ರ, ಕಬ್ಬಿನ ಗದ್ದ್ಯಾಗ ದುಡಿಯೋ ನಮ್ಮವ್ವನ ಬಣ್ಣ ಏನು?

ಫೌಂಡೇಶನ್ ಇರೋದು ಮುಖದ ಕಲೆ ಮುಚ್ಚಿ ಬಣ್ಣ ಒಂದೇ ಸಮ ಮಾಡಾಕ. ಹಚ್ಚಿದ್ದು ಗೊತ್ತಾಗಬಾರದು, ಅದೇ ಅದರ ಕೆಲಸ. ತಿಳಿ ಶೇಡಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಬಿಳಿ ಪುಡಿ ಜಾಸ್ತಿ. ಕಪ್ಪು ಚರ್ಮದ ಮ್ಯಾಲ ಅದು ಬೂದಿ ಬಳದಂಗ ಕಾಣ್ತದ. ರೊಕ್ಕ ಕೊಟ್ಟು ಮುಖಕ್ಕ ಬೂದಿ ಬಳಕೊಂಡು ಬರ್ತೀವಿ.

ಈಗ ಅಣ್ಣಂದಿರಿಗೆ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಹೆಣ್ಣುಮಕ್ಕಳ ಜೊತೆ ಮಾತಾಡಿದ್ದು ಯಾವುದರ ಬಗ್ಗೆ? ಸೀರೆ ಉಡೋ ರೀತಿ ಬಗ್ಗೆನೂ ಮಾತಾಡಿದ್ರು, ಮೈಮೇಲಿನ ಒಡವೆ ಬಗ್ಗೆನೂ ಮಾತಾಡಿದ್ರು. ಅಸ್ಪೃಶ್ಯರು ಅಂತ ಗುರುತಿಸೋ ಗುರುತುಗಳನ್ನ ಬಿಟ್ಟುಬಿಡ್ರಿ ಅಂದ್ರು. ಹೆಣ್ಣಿನ ಮೈಮೇಲೆ ಏನಿರಬೇಕು ಅನ್ನೋದು ಚಳವಳಿಯ ವಿಷಯ ಅಂತ ಅವರಿಗೆ ಗೊತ್ತಿತ್ತು, ನಿಮಗ ಯಾಕ ಗೊತ್ತಿಲ್ಲ?

"ಹಂಗಾದ್ರ ಬಣ್ಣಾನೂ ಬಿಡಬೇಕಲ್ಲ?" ಅಂತ ಯಾರಾದ್ರೂ ಕೇಳಿದ್ರ, ತಡೀರಿ. ಸೀರೆ, ಒಡವೆ ಮಂದಿ ಹೇರಿದ ಗುರುತು. ಚರ್ಮ ಯಾರೂ ಹೇರಿದ್ದಲ್ಲ. ಜಾತಿ ಅಂದ್ರ ಜನಾಂಗ ಅಲ್ಲ ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಹೇಳಿದ್ರು. 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದ ಪುಸ್ತಕದಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ಹಿಡಿದು ಆ ವಾದವನ್ನ ಕೆಡವಿದ್ರು. ಆದ್ರೂ ಊರಿನ ಗಾದೆ ಏನಂತದ? "ಕರಿ ಬ್ರಾಹ್ಮಣನ್ನ, ಬಿಳಿ ಹೊಲೆಯನ್ನ ನಂಬಬ್ಯಾಡ." ಕರಿ ಬ್ರಾಹ್ಮಣರೂ ಅದಾರ, ಬಿಳಿ ಹೊಲೆಯರೂ ಅದಾರ ಅಂತ ಗಾದೆನೇ ಒಪ್ಪಿಕೊಂಡದ. ಒಪ್ಪಿಕೊಂಡು, ಅವರನ್ನ ನಂಬಬ್ಯಾಡ ಅಂತದ! "ನೀವು ನೋಡಿದ್ರ ಎಸ್ಸಿ ಅನ್ಸಂಗಿಲ್ಲ ಬಿಡ್ರಿ" ಅನ್ನೋ ಹೊಗಳಿಕೆಯ ಬೇರು ಇದೇ. ಬಿಳಿ ಬಳಕೊಂಡ್ರ ನಾವೇ ಆ ಗಾದೆಗೆ ಸಹಿ ಹಾಕಿದಂಗ.

1975ರಲ್ಲಿ ಬಂದ ಫೇರ್ ಆ್ಯಂಡ್ ಲವ್ಲಿ 2020ರಲ್ಲಿ ಗ್ಲೋ ಆ್ಯಂಡ್ ಲವ್ಲಿ ಆಯ್ತು. ಡಬ್ಬಿ ಮ್ಯಾಲಿನ ಹೆಸರು ಬದಲಾಯ್ತು. ಹೆಣ್ಣು ನೋಡಾಕ ಬಂದವರ ಮೊದಲನೇ ಪ್ರಶ್ನೆ ಬದಲಾಗಿಲ್ಲ: "ಹುಡುಗಿ ಕೆಂಪಗ ಅದಾಳೇನ್ರಿ?" ನೀಲಿ ಶಾಲು ಹಾಕ್ಕೊಂಡು ಬಂದವರೂ ಇದನ್ನೇ ಕೇಳ್ತಾರ.

1972ರಲ್ಲಿ ಮುಂಬೈಯಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದಾಗ ಹೆಸರು ತಂದದ್ದು ಅಮೆರಿಕದ ಕಪ್ಪು ಜನರಿಂದ. ಅದೇ ಹೊತ್ತಿಗೆ ಅಲ್ಲಿ ಎಬೊನಿ ಪತ್ರಿಕೆಯ ಫ್ಯಾಶನ್ ಶೋದ ಕಪ್ಪು ಹುಡುಗಿಯರು ತಮ್ಮ ಬಣ್ಣದ ಫೌಂಡೇಶನ್ ಸಿಗದೆ ಎರಡು ಮೂರು ಬಾಟ್ಲಿ ಕಲಸಿ ಹಚ್ಚಿಕೊಳ್ತಿದ್ರು. ಅದನ್ನ ನೋಡಿದ ಯೂನಿಸ್ ಜಾನ್ಸನ್ 1973ರಲ್ಲಿ ಫ್ಯಾಶನ್ ಫೇರ್ ಅನ್ನೋ ಕಂಪನಿನೇ ಶುರು ಮಾಡಿದ್ರು. 2017ರಲ್ಲಿ ಗಾಯಕಿ ರಿಹಾನಾ ಒಮ್ಮೆಲೇ 40 ಶೇಡ್ ತಂದಾಗ ಕಪ್ಪು ಶೇಡುಗಳಿಗೇ ಮಂದಿ ಮುಗಿಬಿದ್ರು. ಒಯ್ಯೋರು ಇಲ್ಲ ಅನ್ನೋದು ಸುಳ್ಳು. ನಾವು ಅವರ ಹೆಸರು ತಂದ್ವಿ, ಅವರ ಅಕ್ಕತಂಗಿಯರ ಪ್ರಶ್ನೆ ಅಲ್ಲೇ ಬಿಟ್ಟು ಬಂದ್ವಿ.

ತಂಗಿಯರೇ, ಅಂಗಡಿಯಲ್ಲಿ ಹಿಂಗ ಮಾಡ್ರಿ. ಮುಂಗೈಗೆ ಹಚ್ಚಿ ನೋಡಬ್ಯಾಡ್ರಿ, ಕೈ ಬಣ್ಣ ಬೇರೆ. ದವಡಿಯಿಂದ ಕುತ್ತಿಗಿತನ ಮೂರು ಶೇಡಿನ ಮೂರು ಗೆರೆ ಎಳೀರಿ. ಟ್ಯೂಬ್‌ಲೈಟ್ ಬಿಟ್ಟು ಹೊರಗ ಬಿಸಿಲಿಗೆ ಬರ್ರಿ. ಹತ್ತು ನಿಮಿಷ ಕಾಯ್ರಿ, ಒಣಗಿದ ಮ್ಯಾಲ ಕೆಲವು ಕಪ್ಪಾಗ್ತಾವ. ಯಾವ ಗೆರೆ ಕಾಣದಂಗ ಆಗ್ತದೋ ಅದೇ ನಿಮ್ಮದು. ನಿಮ್ಮ ಚರ್ಮದ ಒಳಬಣ್ಣ ಅರಿಷಿಣಕ್ಕ ತಿರುಗೇತೋ ಕೆಂಪಿಗೋ, ಅದನ್ನೂ ನೋಡ್ರಿ. ಸಿಗಲಿಲ್ಲ ಅಂದ್ರ ಸುಮ್ಮನ ಬರಬ್ಯಾಡ್ರಿ, "ನನ್ನ ಬಣ್ಣದ್ದು ತರಸ್ರಿ" ಅಂತ ಕೇಳಿ ಬರ್ರಿ. ಹತ್ತು ಮಂದಿ ಕೇಳಿದ್ರ ತರಸ್ತಾರ.

ಪಾರ್ಲರ್ ನಡೆಸೋ ನಮ್ಮ ಅಕ್ಕಂದಿರೇ, ಮದುಮಗಳನ್ನ ಕೂರಿಸಿಕೊಂಡಾಗ ಅವಳ ಕುತ್ತಿಗಿ ನೋಡಿ ಬಣ್ಣ ತಗೀರಿ. ಅವಳ ಅತ್ತಿ ಮನಿಯವರು "ಇನ್ನೂ ಸ್ವಲ್ಪ ಬೆಳ್ಳಗ ಮಾಡ್ರಿ" ಅಂದ್ರ "ಹುಡುಗಿ ಬಣ್ಣ ಇದೇ ರಿ" ಅನ್ರಿ.

ಅಣ್ಣಂದಿರೇ, ನಿಮಗೂ ಕೆಲಸ ಐತಿ. ನಿಮ್ಮ ಮನಿಯಿಂದ ಹೆಣ್ಣು ನೋಡಾಕ ಹೋದಾಗ ಬಣ್ಣ ಕೇಳಿದವರ ಬಾಯಿ ಅಲ್ಲೇ ಮುಚ್ಚಿಸ್ರಿ. ಆಮ್ಯಾಲ ಬಂದು ಸಂವಿಧಾನದ ಭಾಷಣ ಮಾಡ್ರಿ, ಮುಂದಿನ ಸಾಲಿನಾಗ ಕುಂತು ಕೇಳ್ತೀನಿ.

ಜೈ ಭೀಮ್.