ಶ್ರೇಷ್ಠತೆಗೂ ಉಂಟು ಕಾಲದ ಹಂಗು

ಸಾರ್ವಕಾಲಿಕ ಶ್ರೇಷ್ಠ ಕ್ರೀಡಾಪಟು ಯಾರು ಎಂಬ ವಾದಕ್ಕೆ ಇಳಿದವರು ಮೊದಲು ಕೈಹಾಕುವುದು ಅಂಕಿಗಳಿಗೆ. ಈಜುಗಾರ ಮೈಕೆಲ್ ಫೆಲ್ಪ್ಸ್ ಗೆದ್ದ ಒಲಿಂಪಿಕ್ ಚಿನ್ನ 23, ಓಟಗಾರ ಉಸೇನ್ ಬೋಲ್ಟ್ ಬಳಿ ಇರುವುದು 8. ಇಷ್ಟರಿಂದಲೇ ಫೆಲ್ಪ್ಸ್ ದೊಡ್ಡವರು ಎಂದುಬಿಟ್ಟರೆ ನಾವು ಅಳೆದದ್ದು ಆಟಗಾರರನ್ನಲ್ಲ, ಸ್ಪರ್ಧಾಪಟ್ಟಿಯನ್ನು. ಈಜಿನಲ್ಲಿ ದೂರಗಳು ಹಲವು, ಶೈಲಿಗಳು ಹಲವು, ರಿಲೇಗಳು ಬೇರೆ. 2008ರ ಬೀಜಿಂಗ್ ಕೂಟವೊಂದರಲ್ಲೇ ಫೆಲ್ಪ್ಸ್ ಎಂಟು ಚಿನ್ನ ಗೆಲ್ಲಲು ಸಾಧ್ಯವಾಯಿತು. ಹಾಕಿ ಆಟಗಾರನಿಗೆ ಒಂದು ಕೂಟದಲ್ಲಿ ಸಿಗಬಹುದಾದ ಚಿನ್ನ ಒಂದೇ. 1928, 1932, 1936ರಲ್ಲಿ ಸತತವಾಗಿ ಗೆದ್ದ ಧ್ಯಾನ್ ಚಂದ್ ಅವರ ಲೆಕ್ಕ ಮೂರಕ್ಕೆ ನಿಂತದ್ದು ಅವರ ಸಾಮರ್ಥ್ಯದ ಮಿತಿಯಿಂದಲ್ಲ, ಆಟದ ಸ್ವರೂಪದಿಂದ.

ಒಂದೇ ಆಟದೊಳಗೂ ಲೆಕ್ಕ ಸರಳವಲ್ಲ. ಟೆನಿಸ್‌ನ ರಾಡ್ ಲೇವರ್ 11 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಗೆದ್ದರು, ನೊವಾಕ್ ಜೊಕೊವಿಚ್ ಅದರ ಇಮ್ಮಡಿ ದಾಟಿದ್ದಾರೆ. ಆದರೆ 1968ರವರೆಗೆ ಆ ಟೂರ್ನಿಗಳು ಹವ್ಯಾಸಿಗಳಿಗೆ ಮಾತ್ರ ಮೀಸಲಾಗಿದ್ದವು. 1962ರಲ್ಲಿ ನಾಲ್ಕೂ ಪ್ರಶಸ್ತಿ ಗೆದ್ದ ಲೇವರ್ ವೃತ್ತಿಪರರಾದ ಕೂಡಲೇ ಬಾಗಿಲು ಮುಚ್ಚಿತು. 1963ರಿಂದ 1967ರವರೆಗೆ, ಆಟ ಉತ್ತುಂಗದಲ್ಲಿದ್ದ ಐದು ವರ್ಷ, ಅವರು ವಿಂಬಲ್ಡನ್ ಚಾಂಪಿಯನ್‌ಷಿಪ್ ಆಡುವಂತಿರಲಿಲ್ಲ. ನಿರ್ಬಂಧ ತೆರವಾದ ಮೇಲೆ, 1969ರಲ್ಲಿ, ಮತ್ತೆ ನಾಲ್ಕನ್ನೂ ಗೆದ್ದರು. ಆ ಐದು ವರ್ಷಗಳ ಖಾಲಿ ಜಾಗ ಕಾಣದಿದ್ದರೆ 11 ಎಂಬ ಅಂಕಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಪದಕ ಬಿಡಿ, ಗಡಿಯಾರವಾದರೂ ನಿಷ್ಪಕ್ಷಪಾತಿಯಲ್ಲವೇ ಎಂದು ಕೇಳಬಹುದು. ಜೆಸ್ಸಿ ಓವೆನ್ಸ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿದ್ದು 10.3 ಸೆಕೆಂಡಿನಲ್ಲಿ, 2009ರಲ್ಲಿ ಅದೇ ನಗರದಲ್ಲಿ ಬೋಲ್ಟ್ ತೆಗೆದುಕೊಂಡದ್ದು 9.58. ಆದರೆ ಓವೆನ್ಸ್ ಓಡಿದ್ದು ಕಿಟ್ಟದ ಪುಡಿ ಹಾಸಿದ ಟ್ರ್ಯಾಕಿನ ಮೇಲೆ. ಒಲಿಂಪಿಕ್ಸ್‌ಗೆ ಸ್ಟಾರ್ಟಿಂಗ್ ಬ್ಲಾಕ್ ಬಂದದ್ದು 1948ರಲ್ಲಿ. ಅದಕ್ಕೂ ಮುನ್ನ ಓಟಗಾರರು ಕೈಗರಣೆಯಿಂದ ತಾವೇ ಗುಳಿ ತೋಡಿಕೊಂಡು ಕಾಲೂರಬೇಕಿತ್ತು. 2020ರಲ್ಲಿ ದಕ್ಷಿಣ ಕನ್ನಡದ ಕಂಬಳದ ಓಟಗಾರರೊಬ್ಬರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ, ಅದನ್ನು 100 ಮೀಟರಿಗೆ ಭಾಗಿಸಿ ಬೋಲ್ಟ್‌ಗಿಂತ ವೇಗ ಎಂದು ದೇಶವೇ ಸಂಭ್ರಮಿಸಿತು. ಕೆಸರುಗದ್ದೆಯಲ್ಲಿ ಕೋಣಗಳ ಹಗ್ಗ ಹಿಡಿದು ಓಡುವುದು ಬೇರೆಯದೇ ಕೌಶಲ, ತನ್ನಷ್ಟಕ್ಕೆ ದೊಡ್ಡ ಕೌಶಲ. ಅದನ್ನು ಇನ್ನೊಂದು ಆಟದ ಗಡಿಯಾರಕ್ಕೆ ಕಟ್ಟಿದಾಗ ಎರಡಕ್ಕೂ ಅನ್ಯಾಯ. ಕೊಳದಲ್ಲೂ ಇದೇ ಕತೆ. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹೊಸ ಪಾಲಿಯುರೆಥೇನ್ ಉಡುಪು ತೊಟ್ಟ ಪಾಲ್ ಬೀಡರ್‌ಮನ್ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಫೆಲ್ಪ್ಸ್ ಅವರನ್ನು ಸೆಕೆಂಡಿಗೂ ಹೆಚ್ಚು ಅಂತರದಲ್ಲಿ ಸೋಲಿಸಿದರು. ಅಂಥ ಉಡುಪುಗಳು ಮರುವರ್ಷವೇ ನಿಷೇಧಗೊಂಡವು.

ಹಾಗಾಗಿ ನ್ಯಾಯವಾದ ಅಳತೆ ಒಂದೇ ಎನಿಸುತ್ತದೆ: ಅದೇ ನೆಲ, ಅದೇ ಸಲಕರಣೆ, ಅದೇ ನಿಯಮ ಇದ್ದ ಸಮಕಾಲೀನರಿಗಿಂತ ಒಬ್ಬರು ಎಷ್ಟು ಎತ್ತರದಲ್ಲಿದ್ದರು? ಇಲ್ಲಿ ಆಸ್ಟ್ರೇಲಿಯಾದ ಕ್ರಿಕೆಟಿಗ ಡಾನ್ ಬ್ರಾಡ್‌ಮನ್ ಅವರಿಗೆ ಸಾಟಿ ಸಿಗುವುದು ಕಷ್ಟ. ಅವರ ಟೆಸ್ಟ್ ಸರಾಸರಿ 99.94. ಅವರು ಆಡಿದ 52 ಟೆಸ್ಟ್‌ಗಳಲ್ಲಿ 37 ಇಂಗ್ಲೆಂಡ್ ಒಂದರ ವಿರುದ್ಧವೇ ಇದ್ದವು, ಎದುರಾಳಿಗಳೇ ಕಡಿಮೆ ಎಂಬ ಆಕ್ಷೇಪವಿದೆ. ಆದರೆ ಅದೇ ಕಾಲದಲ್ಲಿ, ಬಹುಪಾಲು ಅದೇ ಇಂಗ್ಲೆಂಡಿನ ವಿರುದ್ಧ ಆಡಿದ ವೆಸ್ಟ್ ಇಂಡೀಸ್‌ನ ಮಹಾನ್ ಬ್ಯಾಟ್ಸ್‌ಮನ್ ಜಾರ್ಜ್ ಹೆಡ್ಲಿ ಅವರ ಸರಾಸರಿ 60.83. 1932-33ರಲ್ಲಿ ಬ್ರಾಡ್‌ಮನ್ ಅವರನ್ನು ಕಟ್ಟಿಹಾಕಲೆಂದೇ ಇಂಗ್ಲೆಂಡ್ ಬ್ಯಾಟ್ಸ್‌ಮನ್ ಮೈಗೇ ಗುರಿಯಿಟ್ಟು ಚೆಂಡೆಸೆಯುವ 'ಬಾಡಿಲೈನ್' ತಂತ್ರ ಹೂಡಿತು. ಆ ಸರಣಿಯಲ್ಲೂ ಅವರು 56.57ರ ಸರಾಸರಿ ಉಳಿಸಿಕೊಂಡರು. ಉಳಿದವರ ಪಾಲಿನ ಶಿಖರವೇ ಇವರ ಪಾಲಿನ ಕಂದಕವಾಗಿತ್ತು.

ಇಷ್ಟಾದರೂ ಬ್ರಾಡ್‌ಮನ್ ಎಂದು ತೀರ್ಪು ಕೊಟ್ಟು ಏಳುವಂತಿಲ್ಲ. ಸಮಕಾಲೀನರಿಗಿಂತ ಎತ್ತರ ಎಂದಾಗ, ಆ ಸಮಕಾಲೀನರಾಗುವ ಅವಕಾಶ ಯಾರಿಗೆಲ್ಲ ಇತ್ತು ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ. ಬ್ರಾಡ್‌ಮನ್ ಎದುರಿಸಿದ ದಕ್ಷಿಣ ಆಫ್ರಿಕಾ ತಂಡದಲ್ಲಿ ಬಿಳಿಯರಿಗಷ್ಟೇ ಜಾಗ. ಮಹಿಳೆಯರಿಗೆ 1928ರಲ್ಲಿ ತೆರೆದ ಒಲಿಂಪಿಕ್ 800 ಮೀಟರ್ ಓಟವನ್ನು, ಅವರ ದೇಹಕ್ಕೆ ಇದು ತಾಳದು ಎಂಬ ನೆಪದಲ್ಲಿ ಕೈಬಿಟ್ಟು, ಮತ್ತೆ ಸೇರಿಸಿದ್ದು 1960ರಲ್ಲಿ. ಮ್ಯಾರಥಾನ್ ಬಂದದ್ದು 1984ರಲ್ಲಿ. ಅಮೆರಿಕದ ಜಿಮ್ ಥಾರ್ಪ್ 1912ರ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡನ್ನೂ ಗೆದ್ದರು. ಹವ್ಯಾಸಿಗಳಿಗಷ್ಟೇ ಅವಕಾಶವೆಂಬ ನಿಯಮ ಮೀರಿ ಬೇಸ್‌ಬಾಲ್ ಆಡಿ ಅಲ್ಪ ಹಣ ಪಡೆದಿದ್ದರೆಂದು ಮರುವರ್ಷ ಆ ಪದಕಗಳನ್ನು ಕಸಿಯಲಾಯಿತು. ಏಕೈಕ ವಿಜೇತರೆಂಬ ಗೌರವ ಅವರಿಗೆ ಮರಳಿದ್ದು 2022ರಲ್ಲಿ, ಅವರು ತೀರಿಕೊಂಡು ಏಳು ದಶಕಗಳಾಗುವ ಹೊತ್ತಿಗೆ. ದಾಖಲೆ ಪುಸ್ತಕದಲ್ಲಿ ಗೆದ್ದವರು ಮಾತ್ರ ಸಿಗುತ್ತಾರೆ, ಹೊರಗೆ ನಿಲ್ಲಿಸಲ್ಪಟ್ಟವರು ಸಿಗುವುದಿಲ್ಲ.

ಸಮಕಾಲೀನರೊಡನೆ ಇರುವ ಅಂತರ, ಆಟದ ಬಾಗಿಲಿನ ಅಗಲ ಎಂಬ ಈ ಎರಡು ಅಳತೆಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ ಎಂಬುದೇ ನನ್ನ ವಾದದ ತಿರುಳು. ಆಟದ ಬಾಗಿಲು ಅಗಲವಾದಷ್ಟೂ ಪ್ರತಿಭಾವಂತರು ಹೆಚ್ಚುತ್ತಾರೆ, ಸರಾಸರಿ ಮಟ್ಟ ಏರುತ್ತದೆ, ಶಿಖರಕ್ಕೂ ಸಾಲಿಗೂ ನಡುವಿನ ಅಂತರ ಕುಗ್ಗುತ್ತದೆ. ವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಬೇಸ್‌ಬಾಲ್‌ನ ಅಂಕಿಗಳಿಂದ ಇದನ್ನೇ ವಿವರಿಸಿದ್ದರು: ಅಲ್ಲಿ 1941ರ ನಂತರ .400ರ ಬ್ಯಾಟಿಂಗ್ ಸರಾಸರಿ ಮರೆಯಾದದ್ದು ಆಟ ಕೆಟ್ಟದ್ದರಿಂದಲ್ಲ, ಎಲ್ಲರೂ ಸುಧಾರಿಸಿದ್ದರಿಂದ. ಓಟಕ್ಕೆ ದುಬಾರಿ ಬ್ಯಾಟು ಬೇಡ, ಕೊಳ ಬೇಡ. ಜಗತ್ತಿನ ಮೂಲೆ ಮೂಲೆಯಿಂದ ಸ್ಪರ್ಧಿಗಳು ಬರುತ್ತಾರೆ. ಅಲ್ಲಿ ಬೋಲ್ಟ್ ಬರ್ಲಿನ್‌ನಲ್ಲಿ ಎರಡನೆಯವರಾದ ಟೈಸನ್ ಗೇ ಅವರನ್ನು ಹಿಂದಿಕ್ಕಿದ್ದು ಸೆಕೆಂಡಿನ ನೂರರಲ್ಲಿ 13 ಭಾಗದಿಂದ. ಬ್ರಾಡ್‌ಮನ್ ಅಂತರದೆದುರು ಇದು ಕೂದಲೆಳೆ. ಆದರೆ ಅಷ್ಟು ದಟ್ಟಣೆಯ ಸ್ಪರ್ಧೆಯಲ್ಲಿ ಇದು ಭಾರಿ ಅಂತರ. ಅಂತರ ನೋಡಿದರೆ ಬ್ರಾಡ್‌ಮನ್, ಬಾಗಿಲಿನ ಅಗಲ ನೋಡಿದರೆ ಬೋಲ್ಟ್. ಎರಡನ್ನೂ ಕೂಡಿಸುವ ಸೂತ್ರವಿಲ್ಲ. ಆದ್ದರಿಂದ ಸಾರ್ವಕಾಲಿಕ ಎಂಬ ಕಿರೀಟಕ್ಕೆ ತಕ್ಕ ತಲೆ ನಮಗೆ ಇನ್ನೂ ಸಿಕ್ಕಿಲ್ಲ ಎನ್ನುವುದಕ್ಕಿಂತ, ಅಂಥ ಕಿರೀಟವೇ ಇಲ್ಲ ಎನ್ನುವುದು ಸರಿ.

ಹಾಗಾದರೆ ಈ ಚರ್ಚೆಯೆಲ್ಲ ಬರೀ ಅಭಿಮಾನಿಗಳ ಕಾಲಹರಣವೇ? ಖಂಡಿತ ಅಲ್ಲ. ಒಂದು ಕಾಲದ, ಒಂದು ಆಟದ ಶ್ರೇಷ್ಠರನ್ನು ಸಾಕ್ಷ್ಯ ಮುಂದಿಟ್ಟು ಗುರುತಿಸಬಹುದು. ಬ್ರಾಡ್‌ಮನ್ ಬಗ್ಗೆ ನಾವು ಹೇಳುವುದು ಬರಿಯ ಅಭಿರುಚಿಯ ಮಾತಲ್ಲ. ಜೊತೆಗೆ, ಶ್ರೇಷ್ಠತೆ ಎಂದರೆ ಅಂತರವೋ, ಬಾಳಿಕೆಯೋ, ಅಡ್ಡಿಗಳ ನಡುವೆ ಗೆಲ್ಲುವುದೋ ಎಂಬುದನ್ನು ವಾದಿಸುವವರು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಆಗ ನಾವು ಏನನ್ನು ಮೆಚ್ಚುತ್ತೇವೆ ಎಂಬುದು ನಮಗೇ ಸ್ಪಷ್ಟವಾಗುತ್ತದೆ. ಹಳೆಯವರನ್ನು ತೂಗುವಾಗ ಯಾರು ಗೆದ್ದರು ಎನ್ನುವಷ್ಟೇ ಗಟ್ಟಿಯಾಗಿ ಯಾರನ್ನು ಕಣಕ್ಕೇ ಬಿಡಲಿಲ್ಲ ಎಂದೂ ಕೇಳಬೇಕು. ಆ ಪ್ರಶ್ನೆ ಇಂದಿನ ಕ್ರೀಡಾಂಗಣಗಳಿಗೂ ಅನ್ವಯಿಸುತ್ತದೆ. ಓವೆನ್ಸ್ ಮೇಲೋ ಬೋಲ್ಟ್ ಮೇಲೋ ಎಂಬುದನ್ನು ನಾವು ಬಗೆಹರಿಸಲಾರೆವು; ನಮ್ಮ ಊರಿನ ಮೈದಾನ ಎಲ್ಲ ಮಕ್ಕಳಿಗೂ ತೆರೆದಿದೆಯೇ ಎಂಬುದನ್ನು ಬಗೆಹರಿಸುವುದು ಮಾತ್ರ ನಮ್ಮ ಕೈಯಲ್ಲೇ ಇದೆ.