ಹೊಸ ಸಿಸ್ಟಂಗೆ ಮುಂಗಡ ಕೊಡುವ ಮುನ್ನ

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅಂದಿನಿಂದ ಕಂಪ್ಯೂಟರ್ ಅಂಗಡಿಗಳಲ್ಲಿ, ಮನೆಗಳಲ್ಲಿ, ಶಾಲಾ ಆಡಳಿತ ಮಂಡಳಿಗಳ ಸಭೆಗಳಲ್ಲಿ ಒಂದೇ ಮಾತು ಕೇಳಿಬರುತ್ತಿದೆ: 'ಇದು ಹಳೇದಾಯ್ತು, ಇದಕ್ಕೆ ವಿಂಡೋಸ್ ಹನ್ನೊಂದು ಬರಲ್ಲ, ಹೊಸ ಸಿಸ್ಟಂ ತಗೊಂಡುಬಿಡಿ.' ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಕೆಲವು ಯಂತ್ರಗಳ ಮಟ್ಟಿಗೆ ಆ ಮಾತು ನಿಜವೂ ಹೌದು. ಆದರೆ ಅನೇಕ ಡೆಸ್ಕ್‌ಟಾಪ್‌ಗಳಲ್ಲಿ ಬದಲಾಗಬೇಕಾದದ್ದು ಅಂಗೈಗಿಂತ ಚಿಕ್ಕದಾದ ಒಂದೇ ಒಂದು ಬಿಡಿಭಾಗ. ಅದು ಪ್ರೊಸೆಸರ್. ಕ್ಯಾಬಿನೆಟ್, ಎಸ್‌ಎಂಪಿಎಸ್, ಮಾನಿಟರ್, ರ‍್ಯಾಮ್, ಮದರ್‌ಬೋರ್ಡ್ ಎಲ್ಲವೂ ಇದ್ದಲ್ಲೇ ಇರಬಹುದು.

ಆದ್ದರಿಂದ ಓದುಗರೇ, ಮುಂಗಡ ಕೊಡುವ ಮುನ್ನ ಒಂದು ವಾರ ತಡೆಯಿರಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಆ ವಾರದಲ್ಲಿ ನೀವು ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ.

ಮೊದಲು ನಿಮ್ಮ ಯಂತ್ರ ಎಲ್ಲಿ ತಡವರಿಸುತ್ತಿದೆ ಎಂದು ನೋಡಿ. ದಿನನಿತ್ಯದ ಕೆಲಸ ಮಾಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್ ಎಷ್ಟೆಷ್ಟು ಬಳಕೆಯಲ್ಲಿವೆ ಎಂದು ಕಾಣುತ್ತದೆ. ಡಿಸ್ಕ್ ಶೇ 100ರಲ್ಲೇ ನಿಂತಿದ್ದು ಸಿಪಿಯು ಶೇ 20ರ ಆಸುಪಾಸಿನಲ್ಲಿದ್ದರೆ, ವೇಗಕ್ಕಾಗಿ ಪ್ರೊಸೆಸರ್ ಬದಲಿಸಿ ಪ್ರಯೋಜನವಿಲ್ಲ. ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. 4 ಜಿಬಿ ರ‍್ಯಾಮ್ ತುಂಬಿ ತುಳುಕುತ್ತಿದ್ದರೆ ಅದನ್ನು 8 ಅಥವಾ 16ಕ್ಕೆ ಏರಿಸಿ. ಟೈಪಿಂಗ್, ಟ್ಯಾಲಿ, ಆನ್‌ಲೈನ್ ಅರ್ಜಿ, ವಿಡಿಯೊ ಪಾಠ ಇಷ್ಟೇ ನಿಮ್ಮ ಕೆಲಸವಾಗಿದ್ದರೆ ಬಹುಶಃ ನಿಮ್ಮ ಖರ್ಚು ಅಲ್ಲಿಗೇ ಮುಗಿಯುತ್ತದೆ. ಪ್ರೊಸೆಸರ್ ಬಗ್ಗೆ ಬರೆಯಲು ಕುಳಿತು ಮೊದಲೇ ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಹಣ ದೊಡ್ಡದು.

ಸಿಪಿಯುವೇ ಶೇ 100 ಮುಟ್ಟಿ ನಿಲ್ಲುತ್ತಿದೆಯೇ, ಅಥವಾ ಅದಕ್ಕೆ ವಿಂಡೋಸ್ 11 ಬರುವುದಿಲ್ಲವೇ? ಹಾಗಾದರೆ ಮದರ್‌ಬೋರ್ಡ್ ಯಾವುದೆಂದು ತಿಳಿದುಕೊಳ್ಳಿ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಬೋರ್ಡ್‌ನ ಹೆಸರು, ಪ್ರೊಸೆಸರ್ ಕೂರುವ ಸಾಕೆಟ್, ಬಯಾಸ್ (ಬೋರ್ಡ್‌ನೊಳಗಿನ ಮೂಲ ತಂತ್ರಾಂಶ) ಆವೃತ್ತಿ ಎಲ್ಲವನ್ನೂ ತೋರಿಸುತ್ತದೆ. ಆ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬೋರ್ಡ್ ತಯಾರಿಸಿದ ಕಂಪನಿಯ ಜಾಲತಾಣದಲ್ಲಿ, ಆ ಬೋರ್ಡ್‌ಗೆ ಯಾವ ಪ್ರೊಸೆಸರ್‌ಗಳು ಹೊಂದುತ್ತವೆ, ಯಾವುದಕ್ಕೆ ಯಾವ ಬಯಾಸ್ ಬೇಕು ಎಂಬ ಪಟ್ಟಿ ಇರುತ್ತದೆ. ಅಂಗಡಿಗೆ ಹೋಗುವಾಗ ಆ ಚೀಟಿ ನಿಮ್ಮ ಜೇಬಿನಲ್ಲಿರಲಿ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ನಿಮ್ಮ ತಾಲ್ಲೂಕಿನ ಒಂದೇ ಅಂಗಡಿಯಾಗಲಿ, ಬೇಕಾದದ್ದನ್ನು ಸ್ಪಷ್ಟವಾಗಿ ಹೇಳುವ ಗ್ರಾಹಕರಿಗೆ ಅಂಗಡಿಯವರೂ ಸ್ಪಷ್ಟವಾಗಿಯೇ ಉತ್ತರಿಸುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. 2017ರಲ್ಲಿ ಎಎಂಡಿ ಕಂಪನಿಯ ರೈಜನ್ 5 1600 ಪ್ರೊಸೆಸರ್ ಹಾಕಿಸಿ ಅಸೆಂಬಲ್ ಮಾಡಿಸಿದ ಒಂದು ಡೆಸ್ಕ್‌ಟಾಪ್ ಎಂದುಕೊಳ್ಳಿ. ಆ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಆದರೆ ಅದು ಕೂತಿರುವ ಎಎಂ4 ಸಾಕೆಟ್‌ನಲ್ಲಿ 2022ರಲ್ಲಿ ಬಂದ ರೈಜನ್ 5 5600 ಕೂಡ ಕೂರುತ್ತದೆ. ಎರಡಕ್ಕೂ 6 ಕೋರ್, 12 ಥ್ರೆಡ್. ಎರಡರ ವಿದ್ಯುತ್ ಮಿತಿಯೂ 65 ವ್ಯಾಟ್. ಅಂಕಿ ಒಂದೇ ಆದರೂ ಪ್ರತಿ ಕೋರ್ ಮಾಡುವ ಕೆಲಸದಲ್ಲಿ ಬಹಳ ಅಂತರವಿದೆ. ಫೋಟೊಶಾಪ್‌ನಲ್ಲಿ ದೊಡ್ಡ ಫ್ಲೆಕ್ಸ್ ವಿನ್ಯಾಸ ತೆರೆಯುವಾಗ, ಮದುವೆ ವಿಡಿಯೊ ಎಕ್ಸ್‌ಪೋರ್ಟ್ ಮಾಡುವಾಗ ಅದು ಕಣ್ಣಿಗೇ ಕಾಣುತ್ತದೆ. ಬಯಾಸ್‌ನಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ ಎಂಬ ಭದ್ರತಾ ಸೌಲಭ್ಯವನ್ನು ಆನ್ ಮಾಡಿದರೆ ಅದೇ ಹಳೆಯ ಬೋರ್ಡ್‌ನಲ್ಲಿ ವಿಂಡೋಸ್ 11 ಕೂಡ ನಡೆಯುತ್ತದೆ.

ಹಳೆಯ ಬೋರ್ಡ್‌ನಲ್ಲಿ ಹೊಸ ಪ್ರೊಸೆಸರ್ ನಡೆಯುವ ಈ ಅನುಕೂಲ ತಾನಾಗಿ ದಕ್ಕಿದ್ದಲ್ಲ. ಈ ಸಂಗತಿ ನಿಮಗೆ ಗೊತ್ತಿರಬೇಕು. 2020ರ ಮೇ ತಿಂಗಳಲ್ಲಿ ಎಎಂಡಿ ತನ್ನ ಮುಂದಿನ ಝೆನ್ 3 (ಮೇಲೆ ಹೇಳಿದ 5600 ಸೇರಿದ ತಲೆಮಾರು) ಪ್ರೊಸೆಸರ್‌ಗಳು ಬಿ450, ಎಕ್ಸ್470 ಬೋರ್ಡ್‌ಗಳಲ್ಲಿ ನಡೆಯುವುದಿಲ್ಲ ಎಂದು ಹೇಳಿತ್ತು. ಆ ಬೋರ್ಡ್‌ಗಳನ್ನು ನಂಬಿ ಕೊಂಡಿದ್ದವರು ಸುಮ್ಮನಿರಲಿಲ್ಲ. ನಾನಾ ದೇಶಗಳ ಬಳಕೆದಾರರು ಸಭ್ಯವಾಗಿ, ಆದರೆ ಗಟ್ಟಿಯಾಗಿ ಪ್ರಶ್ನಿಸಿದರು. ಅದೇ ತಿಂಗಳು ಕಂಪನಿ ನಿಲುವು ಬದಲಿಸಿತು. 2022ರಲ್ಲಿ ಇನ್ನೂ ಹಳೆಯ ಎ320, ಬಿ350 ಬೋರ್ಡ್‌ಗಳಿಗೂ ಆ ಬಾಗಿಲು ತೆರೆಯಿತು. ಬೋರ್ಡ್ ಬಿಸಾಡಲು ಒಪ್ಪದ ಜನರಿದ್ದುದರಿಂದ ಇಂದು ನಿಮ್ಮ ಬೋರ್ಡ್‌ಗೂ ಬೆಲೆ ಇದೆ.

ಇಂಟೆಲ್‌ನವರ ಕಥೆ ಸ್ವಲ್ಪ ಬೇರೆ. ಅವರ ಸಾಕೆಟ್‌ಗಳು ಬೇಗ ಬದಲಾಗುತ್ತವೆ. 6 ಮತ್ತು 7ನೇ ತಲೆಮಾರಿನ ಬೋರ್ಡ್‌ಗಳ ಸಾಕೆಟ್ ಹೆಸರು 8ನೇ ತಲೆಮಾರಿನದ್ದೇ ಆದರೂ 8ನೆಯದು ಅವುಗಳಲ್ಲಿ ನಡೆಯುವುದಿಲ್ಲ. ಆದರೆ 12ನೇ ತಲೆಮಾರಿನ ಐ3 ಇರುವವರು ಅದೇ ಬೋರ್ಡ್‌ನಲ್ಲಿ ಐ5 ಹಾಕಿಕೊಳ್ಳಬಹುದು. ಬಯಾಸ್ ಹೊಸದಾಗಿದ್ದರೆ 13, 14ನೇ ತಲೆಮಾರಿನವೂ ಹೊಂದುತ್ತವೆ. ಈ ಎರಡು ತಲೆಮಾರುಗಳ ಕೆಲವು ದುಬಾರಿ ಮಾದರಿಗಳಲ್ಲಿ ವೋಲ್ಟೇಜ್ ಸಮಸ್ಯೆ ಕಾಣಿಸಿಕೊಂಡು 2024ರಲ್ಲಿ ಇಂಟೆಲ್ ಬಯಾಸ್ ಮೂಲಕ ಪರಿಹಾರ ಕೊಟ್ಟಿತು, ವಾರಂಟಿಯನ್ನೂ ವಿಸ್ತರಿಸಿತು. ಅಂಥದ್ದನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಬಯಾಸ್ ಯಾವಾಗ ಅಪ್‌ಡೇಟ್ ಆಗಿತ್ತೆಂದು ಕೇಳಿ.

ಇನ್ನು ಹೆಸರಿನ ವಿಚಾರ. 'ಐ7 ಇದೆ, ಕಡಿಮೆ ಬೆಲೆಗೆ ಕೊಡ್ತೀವಿ' ಎಂಬ ಮಾತಿಗೆ ಎಷ್ಟೋ ತಂದೆತಾಯಿಯರು ಮಕ್ಕಳಿಗಾಗಿ ಹಣ ಹೊಂದಿಸಿ ಕೊಟ್ಟಿದ್ದಾರೆ. ಐ7 ಎನ್ನುವುದು ಒಂದು ಶ್ರೇಣಿಯ ಹೆಸರು ಮಾತ್ರ. ಅದರ ಮುಂದಿನ ಸಂಖ್ಯೆ ಯಾವ ತಲೆಮಾರಿನದ್ದು ಎಂಬುದೇ ಮುಖ್ಯ. ಐ7-3770 ಬಂದದ್ದು 2012ರಲ್ಲಿ. ಐ3-12100 ಬಂದದ್ದು 2022ರಲ್ಲಿ. ಎರಡಕ್ಕೂ 4 ಕೋರ್, 8 ಥ್ರೆಡ್. ಕೆಲಸಕ್ಕೆ ಕೂತರೆ ಹೊಸ ಐ3 ಹಳೆಯ ಐ7ನ್ನು ಬಹಳ ಹಿಂದೆ ಹಾಕುತ್ತದೆ. ದಯವಿಟ್ಟು ಪೂರ್ತಿ ಮಾದರಿ ಸಂಖ್ಯೆಯನ್ನು ಕೇಳಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ.

ಸಂಖ್ಯೆಯ ಕೊನೆಯ ಅಕ್ಷರವನ್ನೂ ನೋಡಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5600ರಲ್ಲೂ ಇಲ್ಲ, 5600ಜಿಯಲ್ಲಿ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ 5600 ಹಾಕಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಇರುತ್ತದೆ. ಮನೆಯವರು ಗಾಬರಿಯಾಗಿ ಬೋರ್ಡೇ ಹೋಯಿತೆಂದುಕೊಳ್ಳುತ್ತಾರೆ. ಒಂದು ಅಕ್ಷರ ಗಮನಿಸಿದರೆ ಈ ಗಾಬರಿ ತಪ್ಪುತ್ತದೆ.

ಎಷ್ಟು ದೊಡ್ಡ ಪ್ರೊಸೆಸರ್ ಬೇಕು? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮನೆ, ಸಣ್ಣ ಕಚೇರಿ, ಡಿಟಿಪಿ ಅಂಗಡಿ, ಕಾಲೇಜು ವಿದ್ಯಾರ್ಥಿ ಇವರಿಗೆಲ್ಲ ಈಚಿನ ತಲೆಮಾರಿನ 6 ಕೋರ್, 12 ಥ್ರೆಡ್ ಸಾಕು. ನುಡಿ ತಂತ್ರಾಂಶದಲ್ಲಿ ಆಮಂತ್ರಣ ಪತ್ರಿಕೆ ಟೈಪ್ ಮಾಡುವವರಿಗೆ ಅದೂ ಹೆಚ್ಚೇ. ದಿನವಿಡೀ ವಿಡಿಯೊ ಎಡಿಟಿಂಗ್ ಮಾಡಿ ಅದರಿಂದಲೇ ಬದುಕುವವರು 8 ಕೋರ್ ತೆಗೆದುಕೊಳ್ಳಲಿ, ಉಳಿಯುವ ಸಮಯವೇ ಆ ಹಣವನ್ನು ಹಿಂದಿರುಗಿಸುತ್ತದೆ. ಮಗನೋ ಮಗಳೋ ಆಟಕ್ಕಾಗಿ ಕೇಳುತ್ತಿದ್ದರೆ ಸಾಮಾನ್ಯವಾಗಿ ಪ್ರೊಸೆಸರ್‌ಗಿಂತ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿದ ಹಣ ಹೆಚ್ಚು ಕೆಲಸಕ್ಕೆ ಬರುತ್ತದೆ.

ಬೆಲೆ ಹೋಲಿಸುವಾಗ ಪ್ರೊಸೆಸರ್ ಒಂದರ ಬೆಲೆ ನೋಡಬೇಡಿ. ಎಎಂಡಿಯ ಹೊಸ ಎಎಂ5 ಸಾಕೆಟ್‌ಗೆ ಹೋದರೆ ಬೋರ್ಡ್ ಹೊಸದು ಬೇಕು, ಡಿಡಿಆರ್5 ರ‍್ಯಾಮ್ ಕೂಡ ಬೇಕು. ಕೂಲರ್ ಡಬ್ಬಿಯಲ್ಲೇ ಬರುತ್ತದೆಯೋ ಬೇರೆ ಕೊಳ್ಳಬೇಕೋ, ಅದನ್ನೂ ಸೇರಿಸಿ ಕೂಡಿ ನೋಡಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿದ ಮೇಲಂತೂ, ಕೈಯಲ್ಲಿರುವ ಡಿಡಿಆರ್4 ಉಳಿಸಿಕೊಳ್ಳುವುದೇ ದೊಡ್ಡ ಉಳಿತಾಯ. ಬೋರ್ಡ್ ನಿಜವಾಗಿಯೂ ಕೆಟ್ಟಿದ್ದು, ಎಲ್ಲವನ್ನೂ ಹೊಸದಾಗಿ ಮಾಡಬೇಕಾಗಿ ಬಂದವರಿಗೆ ಎಎಂ5 ಒಳ್ಳೆಯ ಆಯ್ಕೆ. 2027ರವರೆಗೂ, ಅದರಾಚೆಗೂ ಆ ಸಾಕೆಟ್‌ಗೆ ಬೆಂಬಲವಿರುತ್ತದೆ ಎಂದು ಎಎಂಡಿ ಹೇಳಿದೆ. ಮುಂದೊಂದು ದಿನ ನೀವು ಪ್ರೊಸೆಸರ್ ಮಾತ್ರ ಬದಲಿಸಿಕೊಳ್ಳಬಹುದು.

ಕೊಳ್ಳುವಾಗ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಸೀಲ್ ಮಾಡಿದ ಡಬ್ಬಿಯ ಪ್ರೊಸೆಸರ್‌ಗೆ ಸಾಮಾನ್ಯವಾಗಿ ಕಂಪನಿಯ ಮೂರು ವರ್ಷದ ವಾರಂಟಿ ಇರುತ್ತದೆ. ಡಬ್ಬಿಯಿಲ್ಲದೆ ಬಿಡಿಯಾಗಿ ಬರುವ 'ಟ್ರೇ' ಪ್ರೊಸೆಸರ್ ಅಗ್ಗ, ಅದರ ವಾರಂಟಿ ಮಾರುವವರ ಮಾತಿನ ಮೇಲೆ ನಿಂತಿರುತ್ತದೆ. ಆ ಮಾತನ್ನು ಬಿಲ್ಲಿನ ಮೇಲೆ ಬರೆಸಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಜೋಡಿಸುವ ಕೆಲಸದಲ್ಲಿ ಎರಡು ಕಡೆ ಎಚ್ಚರ ಬೇಕು. ಬಯಾಸ್ ಅಪ್‌ಡೇಟನ್ನು ಹಳೆಯ ಪ್ರೊಸೆಸರ್ ಇರುವಾಗಲೇ ಮುಗಿಸಬೇಕು, ಯುಪಿಎಸ್ ಇಲ್ಲದೆ ಅದಕ್ಕೆ ಕೈ ಹಾಕಬಾರದು. ನಡುವೆ ಕರೆಂಟ್ ಹೋದರೆ ಬೋರ್ಡ್ ಮೇಲೇಳದೆ ಹೋಗಬಹುದು. ಎರಡನೆಯದು ಕೂಲರ್ ತೆಗೆಯುವ ಹೊತ್ತು. ವರ್ಷಗಟ್ಟಲೆ ಬಿಸಿಯುಂಡ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿರುತ್ತದೆ. ನೇರವಾಗಿ ಮೇಲಕ್ಕೆ ಎಳೆದರೆ ಎಎಂ4 ಪ್ರೊಸೆಸರ್ ಕೂಲರ್ ಜೊತೆಗೇ ಕಿತ್ತು ಬರಬಹುದು. ಅದರ ಅಡಿಯಲ್ಲಿ 1,331 ಸಣ್ಣ ಪಿನ್‌ಗಳಿವೆ, ಒಂದು ಸೊಟ್ಟಗಾದರೂ ತೊಂದರೆಯೇ. ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಮೆದುವಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ ಎತ್ತಬೇಕು. ಹೊಸ ಪ್ರೊಸೆಸರ್‌ನ ಮೂಲೆಯಲ್ಲಿರುವ ಚಿನ್ನದ ಬಣ್ಣದ ತ್ರಿಕೋನ ಸಾಕೆಟ್‌ನ ತ್ರಿಕೋನದ ಮೇಲೆ ಬಂದರೆ ಅದು ತಾನಾಗಿ ಇಳಿದು ಕೂರುತ್ತದೆ. ಬೆರಳಿನಿಂದ ಒತ್ತಬೇಕಾಗಿಲ್ಲ. ಕೈ ನಡುಗುತ್ತದೆ ಎನಿಸಿದರೆ ಅಂಗಡಿಯವರಿಗೇ ಕೊಡಿ. ಅವರ ಕೂಲಿ ನ್ಯಾಯವಾದ ಖರ್ಚು.

ತೆಗೆದ ಹಳೆಯ ಪ್ರೊಸೆಸರ್ ಇನ್ನೂ ಜೀವಂತವಾಗಿದೆ. ಅದನ್ನು ಹೊಸದು ಬಂದ ಪ್ಲಾಸ್ಟಿಕ್ ಗೂಡಿನಲ್ಲಿಟ್ಟು ಬೇಕಾದವರಿಗೆ ಕೊಡಿ. ಇಡೀ ಯಂತ್ರವನ್ನೇ ಬದಲಿಸಿದ್ದರೆ, ಡಿಸ್ಕ್‌ನಲ್ಲಿರುವ ನಿಮ್ಮ ಕಡತಗಳನ್ನು ಪೂರ್ತಿ ಅಳಿಸಿ, ಲಿನಕ್ಸ್ ಹಾಕಿಸಿ, ಹತ್ತಿರದ ಶಾಲೆಗೋ ಗ್ರಂಥಾಲಯಕ್ಕೋ ಕೊಡಬಹುದು. ಲಿನಕ್ಸ್‌ನಲ್ಲಿ ಕನ್ನಡ ಓದಲು, ಬರೆಯಲು ಯಾವ ತೊಡಕೂ ಇಲ್ಲ. ಕೊಡುವ ಮುನ್ನ ಅಲ್ಲಿನ ಶಿಕ್ಷಕರನ್ನು ಒಂದು ಮಾತು ಕೇಳಿ. ಅವರಿಗೆ ನಿಜಕ್ಕೂ ಬೇಕಿದ್ದರೆ ಮಾತ್ರ ಅದು ಕೊಡುಗೆ. ಯಾರಿಗೂ ಬೇಡವಾದದ್ದನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ತಯಾರಕ ಕಂಪನಿಗಳ ಮೇಲೂ ಈ ಹೊಣೆ ಹೊರಿಸಿವೆ. ತಂತಿ ಸುಟ್ಟು ತಾಮ್ರ ತೆಗೆಯುವ, ಆಸಿಡ್‌ನಲ್ಲಿ ಅದ್ದಿ ಚಿನ್ನ ತೆಗೆಯುವ ಕಡೆ ನಮ್ಮ ಬೋರ್ಡ್ ಹೋಗಬಾರದು. ಅಲ್ಲಿ ಆ ಹೊಗೆ ಕುಡಿಯುವವರು ನಮ್ಮವರೇ.

ಕೊನೆಯದಾಗಿ, ಇದನ್ನೆಲ್ಲ ಮೊದಲೇ ಬಲ್ಲ ಓದುಗರಲ್ಲಿ ಒಂದು ಪ್ರಾರ್ಥನೆ. ನಿಮ್ಮ ಬೀದಿಯಲ್ಲಿ, ನಿಮ್ಮ ಕಚೇರಿಯಲ್ಲಿ, ನಿಮ್ಮೂರಿನ ಶಾಲೆಯಲ್ಲಿ ಯಾರೋ ಒಬ್ಬರು ಈಗ ಹೊಸ ಸಿಸ್ಟಂಗೆ ಹಣ ಹೊಂದಿಸುತ್ತಿರುತ್ತಾರೆ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು ಅವರಲ್ಲಿಗೆ ಹೋಗಿ. ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿ, ಬೋರ್ಡ್‌ನ ಹೆಸರು ಬರೆದುಕೊಡಿ, ಅಂಗಡಿಗೆ ಜೊತೆಯಲ್ಲಿ ಹೋಗಿ ಬನ್ನಿ.