ಬೈದವನನ್ನು ಬಿಟ್ಟು ಮಗಳ ಮೊಬೈಲ್ ಕಸಿದರೆ ಹೇಗೆ?

ಜಮಾಅತ್‌ನದ್ದು, ಕುಟುಂಬದ್ದು, ಶಾಲೆಯದ್ದು, ಕೊಬ್ಬರಿ ಧಾರಣೆಯದ್ದು ಎಂದು ನಮ್ಮ ಒಂದೊಂದು ಮೊಬೈಲ್‌ನಲ್ಲಿ ಈಗ ಹತ್ತಾರು ವಾಟ್ಸ್‌ಆ್ಯಪ್ ಗ್ರೂಪ್‌ಗಳು. ಮಂಗಳೂರಿನವರು, ಗಲ್ಫ್‌ನವರು, ಹಂದನಕೆರೆಯಂಥ ತೆಂಗಿನ ಸೀಮೆಯವರು ಒಂದೇ ಗ್ರೂಪ್‌ನಲ್ಲಿ ಸಿಗುತ್ತಾರೆ. ಒಳ್ಳೆಯದೇ. ಆದರೆ ಸೇರಿದ ಕೂಡಲೇ ನಮ್ಮ ನಂಬರ್ ಉಳಿದವರಿಗೂ ಕಾಣುತ್ತದೆ. ಗ್ರೂಪ್‌ನಲ್ಲಿ ಸಲಾಂ ಹೇಳುವವನೇ ರಾತ್ರಿ ಒಬ್ಬಳಿಗೆ ‘ಪರ್ಸನಲ್’ ಆಗಿ ಹೊಲಸು ಮಾತು ಕಳಿಸಬಹುದು.

ಆಗ ನಮ್ಮ ಮನೆಗಳಲ್ಲಿ ಏನಾಗುತ್ತದೆ? “ನಿನಗ್ಯಾಕೆ ಬೇಕಿತ್ತು ಈ ಗ್ರೂಪು?” ಎಂದು ಅವಳನ್ನೇ ಕೇಳುತ್ತೇವೆ. ಮೊಬೈಲ್ ಕಪಾಟು ಸೇರುತ್ತದೆ, ಮೆಸೇಜ್ ಡಿಲೀಟ್ ಆಗುತ್ತದೆ. ಕಳಿಸಿದವನು ಗ್ರೂಪ್‌ನಲ್ಲಿ ಆರಾಮಾಗಿರುತ್ತಾನೆ. ಇದನ್ನು ಕಂಡ ತಂಗಿ ನಾಳೆ ತನಗೆ ಹೀಗಾದರೆ ಬಾಯಿ ಬಿಡುವುದಿಲ್ಲ. ಆ ಮೌನವೇ ಇಂಥವರ ಧೈರ್ಯ.

ಮೆಸೇಜ್ ಅಳಿಸಬೇಡಿ. ನಂಬರ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ತಿರುಗಿ ಬೈಯಬೇಡಿ. “ಇನ್ನು ನನಗೆ ಮೆಸೇಜ್ ಹಾಕಬೇಡಿ” ಎಂದು ಒಂದೇ ಸಾಲು ಬರೆದು, ಆಮೇಲೆ ಬ್ಲಾಕ್ ಮಾಡಿ. ಆ ಒಂದು ಸಾಲಿಗೆ ಬೆಲೆ ಇದೆ. ಬೇಡ ಎಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಗಂಡಸು ಹೆಣ್ಣುಮಗಳನ್ನು ಮತ್ತೆ ಮತ್ತೆ ಸಂಪರ್ಕಿಸಿದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಅದು ಅಪರಾಧ. ಮೊದಲ ಬಾರಿಗೇ 3 ವರ್ಷದ ತನಕ ಜೈಲಾಗಬಹುದು. ಅಶ್ಲೀಲ ಚಿತ್ರ, ವಿಡಿಯೊ ಕಳಿಸಿದರೆ ಐಟಿ ಕಾಯ್ದೆಯ 67ನೇ ಕಲಂ ಇದೆ. ಕಳಿಸಿದವನು ಮಂಗಳೂರಲ್ಲಿದ್ದರೂ ಹಂದನಕೆರೆ ಠಾಣೆಯಲ್ಲೇ ದೂರು ಕೊಡಬಹುದು. ‘ನಮ್ಮ ವ್ಯಾಪ್ತಿಯಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ.

ಹಾಗಂತ ಎಲ್ಲ ಒರಟು ಮಾತಿಗೂ ಕೇಸಿಲ್ಲ. ‘ಕಿರಿಕಿರಿ’ಯ ಮೆಸೇಜನ್ನೂ ಅಪರಾಧವಾಗಿಸಿದ್ದ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಮಸೀದಿ ಲೆಕ್ಕದ ಬಗ್ಗೆ ಪ್ರಶ್ನೆ ಕೇಳಿದವನಿಗೆ ಖಾಸಗಿಯಾಗಿ ಬೈಗುಳ ಬಂದರೆ ಅದನ್ನು ಅಡ್ಮಿನ್, ಹಿರಿಯರೇ ಸರಿಪಡಿಸಬೇಕು. ಬೈದವನನ್ನು ಕರೆದು ಮಾತಾಡಿ; ಕೇಳದಿದ್ದರೆ ಗ್ರೂಪ್‌ನಿಂದ ತೆಗೆಯಿರಿ. ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕಿ ತಮಾಷೆ ನೋಡುವುದು ಬೇಡ. ಅದರಿಂದ ನೊಂದವರ ಮಾನವೇ ಎರಡನೇ ಸಲ ಹೋಗುತ್ತದೆ.

‘ನಮ್ಮವನೇ, ಮುಚ್ಚಿಬಿಡಿ’ ಎನ್ನುವ ಮುನ್ನ ಯೋಚಿಸೋಣ. ಮೆಸೇಜ್ ಬಂದ ಹುಡುಗಿಯೂ ನಮ್ಮವಳೇ ಅಲ್ಲವೇ? “ಹೆದರಬೇಡ ಮಗಳೇ, ಆ ಮೊಬೈಲ್ ಕೊಡು, ಒಟ್ಟಿಗೆ ನೋಡೋಣ” ಎಂದು ಬಾಪ, ಉಮ್ಮ ಮೊದಲು ಹೇಳಲಿ.